ಭೂದಾಖಲೆ ತಂತ್ರಾಂಶದ ನಿರ್ವಹಣೆ, ವಿಕಾಸ ಮತ್ತು ಕಾರ್ಯವಿಧಾನ ಸುಧಾರಣೆ: ಅರ್ಜಿದಾರರಿಗೆ ಮಾಹಿತಿ

ಪೀಠಿಕೆ

ಪಹಣಿ, ಹಕ್ಕು ಬದಲಾವಣೆ, ಪೌತಿ ಖಾತೆ, 11ಇ ನಕ್ಷೆ ಮುಂತಾದ ಸೇವೆಗಳಿಗಾಗಿ ತಾಲ್ಲೂಕು ಕಚೇರಿ ಹಾಗೂ ನಾಡಕಚೇರಿಗಳಿಗೆ ಬರುವ ಸಾರ್ವಜನಿಕರು ‘ತಂತ್ರಾಂಶ ಬದಲಾಗುತ್ತಿದೆ’, ‘ತಂತ್ರಾಂಶದಲ್ಲಿ ಅವಕಾಶವಿಲ್ಲ’, ‘ವಿಸ್ತೀರ್ಣ ತಾಳೆಯಾಗುತ್ತಿಲ್ಲ’ ಎಂಬ ಉತ್ತರಗಳನ್ನು ಆಗಾಗ್ಗೆ ಕೇಳುವುದುಂಟು. ಈ ಮೂರೂ ಬೇರೆ ಬೇರೆ ವಿಷಯಗಳು. ಪ್ರತಿಯೊಂದಕ್ಕೂ ಕಾರಣ ಬೇರೆ, ಪರಿಹಾರದ ಮಾರ್ಗವೂ ಬೇರೆ. ವ್ಯತ್ಯಾಸ ತಿಳಿಯದೆ ತಪ್ಪು ಕಡೆ ಅರ್ಜಿ ಸಲ್ಲಿಸಿದಲ್ಲಿ ಅರ್ಜಿದಾರರ ಕಾಲ ಮತ್ತು ಹಣ ವ್ಯರ್ಥವಾಗುತ್ತದೆ.

ಕರ್ನಾಟಕ ಭೂ ಕಂದಾಯ ಅಧಿನಿಯಮ, 1964ರ ಕಲಂ 133ರ ಪ್ರಕಾರ ಹಕ್ಕು ದಾಖಲೆಯಲ್ಲಿನ ನಮೂದನ್ನು, ಅದಕ್ಕೆ ವಿರುದ್ಧವಾದುದು ಸಾಬೀತಾಗುವವರೆಗೆ, ಸತ್ಯವೆಂದೇ ಭಾವಿಸತಕ್ಕದ್ದು. ಬ್ಯಾಂಕಿನ ಬೆಳೆಸಾಲ, ಭೂಸ್ವಾಧೀನದ ಪರಿಹಾರ, ಬೆಳೆಹಾನಿ ಪರಿಹಾರ, ವಿಭಾಗ, ಕ್ರಯ, ಇವೆಲ್ಲವೂ ಈ ನಮೂದನ್ನೇ ಆಧರಿಸಿರುತ್ತವೆ. ಈ ನಮೂದು ಇಂದು ಗಣಕಯಂತ್ರದಲ್ಲಿದ್ದು, ಅದನ್ನು ಕಾಯುವ ತಂತ್ರಾಂಶ ವರ್ಷದಿಂದ ವರ್ಷಕ್ಕೆ ಬದಲಾಗುತ್ತಿರುತ್ತದೆ. ತಂತ್ರಾಂಶ ಏಕೆ ಬದಲಾಗುತ್ತದೆ, ಹಾಗೆ ಬದಲಾಗುವಾಗ ದಾಖಲೆ ಬದಲಾಗದಂತೆ ಯಾವ ಕ್ರಮ ಅಗತ್ಯ, ಮತ್ತು ಅರ್ಜಿದಾರರು ಯಾವುದನ್ನು ಪರಿಶೀಲಿಸಿಕೊಳ್ಳಬೇಕು ಎಂಬುದನ್ನು ಇಲ್ಲಿ ವಿವರಿಸಲಾಗಿದೆ. ಉದಾಹರಣೆಗಳನ್ನು ಚಿಕ್ಕಬಳ್ಳಾಪುರ ತಾಲ್ಲೂಕು ಮಂಡಿಕಲ್ ಹೋಬಳಿಯ ಪೆರೇಸಂದ್ರ ಹಾಗೂ ಸುತ್ತಲಿನ ಗ್ರಾಮಗಳ ರೈತರಿಗೆ ಪರಿಚಿತವಾಗಿರುವ ರೀತಿಯಲ್ಲಿ ನೀಡಲಾಗಿದೆ. ವಿವರಗಳು ರಾಜ್ಯದ ಇತರ ತಾಲ್ಲೂಕುಗಳಿಗೂ ಅನ್ವಯಿಸುತ್ತವೆ.

1. ತಂತ್ರಾಂಶ ನಿರ್ವಹಣೆ ಎಂದರೇನು

ಕಟ್ಟಡ ಅಥವಾ ಯಂತ್ರ ಬಳಕೆಯಿಂದ ಸವೆಯುತ್ತದೆ, ಆದ್ದರಿಂದ ದುರಸ್ತಿ ಬೇಕಾಗುತ್ತದೆ. ತಂತ್ರಾಂಶ ಸವೆಯುವುದಿಲ್ಲ. ಆದರೆ ಅದರ ಸುತ್ತಲಿನ ಕಾನೂನು, ಆಡಳಿತ, ಯಂತ್ರೋಪಕರಣ ಮತ್ತು ಜನರ ಅಗತ್ಯಗಳು ಬದಲಾಗುವುದರಿಂದ ಅದು ಹಳತಾಗುತ್ತದೆ. ಬಳಕೆಗೆ ಬಂದ ನಂತರ ತಂತ್ರಾಂಶದಲ್ಲಿ ಮಾಡುವ ಎಲ್ಲ ಬದಲಾವಣೆಗಳನ್ನೂ ಒಟ್ಟಾಗಿ ‘ತಂತ್ರಾಂಶ ನಿರ್ವಹಣೆ’ ಎನ್ನಲಾಗುತ್ತದೆ.

ಅಮೆರಿಕದ ಸಂಶೋಧಕರಾದ ಬರ್ಟನ್ ಸ್ವಾನ್ಸನ್ ಅವರು 1976ರಲ್ಲಿ ಈ ಕೆಲಸವನ್ನು ಮೂರು ಬಗೆಯಾಗಿ ವಿಂಗಡಿಸಿದರು. ನಂತರ ಅಂತರರಾಷ್ಟ್ರೀಯ ಮಾನಕದಲ್ಲಿ ನಾಲ್ಕನೆಯ ಬಗೆಯೊಂದನ್ನು ಸೇರಿಸಲಾಯಿತು.

(ಅ) ದೋಷ ನಿವಾರಣೆ: ತಂತ್ರಾಂಶ ಮಾಡಬೇಕಾದುದನ್ನು ಮಾಡದಿರುವಾಗ ಅದನ್ನು ಸರಿಪಡಿಸುವುದು.

(ಆ) ಹೊಂದಾಣಿಕೆ: ಕಾನೂನು, ಆಡಳಿತ ವ್ಯವಸ್ಥೆ ಅಥವಾ ಯಂತ್ರೋಪಕರಣ ಬದಲಾದಾಗ ತಂತ್ರಾಂಶವನ್ನು ಅದಕ್ಕೆ ಹೊಂದಿಸುವುದು. 2007ರಲ್ಲಿ ಕೋಲಾರ ಜಿಲ್ಲೆಯಿಂದ ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ, ಬಾಗೇಪಲ್ಲಿ ಮತ್ತು ಗುಡಿಬಂಡೆ ತಾಲ್ಲೂಕುಗಳನ್ನು ಬೇರ್ಪಡಿಸಿ ಚಿಕ್ಕಬಳ್ಳಾಪುರ ಜಿಲ್ಲೆಯನ್ನು ರಚಿಸಿದುದು ಇದಕ್ಕೆ ನಿದರ್ಶನ. ಯಾವ ರೈತನ ಜಮೀನೂ ಇದ್ದ ಸ್ಥಳದಿಂದ ಕದಲಲಿಲ್ಲ, ಸರ್ವೆ ನಂಬರ್ ಬದಲಾಗಲಿಲ್ಲ. ಆದರೆ ದಾಖಲೆಯಲ್ಲಿ ಜಿಲ್ಲೆಯ ಹೆಸರು ಬದಲಾಯಿತು.

(ಇ) ಉತ್ತಮಪಡಿಸುವಿಕೆ: ಬಳಕೆದಾರರ ಹೊಸ ಅಗತ್ಯಗಳಿಗೆ ತಕ್ಕಂತೆ ಸೌಲಭ್ಯಗಳನ್ನು ಸೇರಿಸುವುದು. ತಾಲ್ಲೂಕು ಕೇಂದ್ರದಲ್ಲಿ ಮಾತ್ರ ದೊರೆಯುತ್ತಿದ್ದ ಪಹಣಿ ಹೋಬಳಿ ಮಟ್ಟದಲ್ಲಿ, ನಂತರ ಅಂತರಜಾಲದಲ್ಲಿ ದೊರೆಯುವಂತಾದುದು ಈ ಬಗೆಯದು.

(ಈ) ಮುಂಜಾಗ್ರತೆ: ಇನ್ನೂ ತೊಂದರೆಯಾಗದಿದ್ದರೂ ಮುಂದೆ ಆಗಬಹುದಾದುದನ್ನು ಮೊದಲೇ ತಡೆಯುವುದು.

ಬೆನೆಟ್ ಲೀಂಟ್ಸ್ ಮತ್ತು ಸ್ವಾನ್ಸನ್ ಅವರು 487 ಸಂಸ್ಥೆಗಳನ್ನು ಕುರಿತು ನಡೆಸಿ 1980ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ, ನಿರ್ವಹಣೆಯ ಶ್ರಮದ ದೊಡ್ಡ ಪಾಲು ಉತ್ತಮಪಡಿಸುವಿಕೆಗೆ ಸಲ್ಲುತ್ತದೆ, ದೋಷ ನಿವಾರಣೆಗೆ ತಗಲುವುದು ಸುಮಾರು ಐದನೆಯ ಒಂದು ಭಾಗ ಮಾತ್ರ ಎಂದು ಕಂಡುಬಂದಿತು. ಆ ಸಮೀಕ್ಷೆ ವ್ಯವಸ್ಥಾಪಕರು ನೀಡಿದ ಉತ್ತರಗಳನ್ನು ಆಧರಿಸಿತ್ತು. 2003ರಲ್ಲಿ ಸ್ಟೀಫನ್ ಶಾಕ್ ಮತ್ತು ಸಂಗಡಿಗರು ಕೆಲವು ತಂತ್ರಾಂಶಗಳಲ್ಲಿ ನಿಜವಾಗಿ ಆದ ಬದಲಾವಣೆಗಳನ್ನೇ ಎಣಿಸಿ ನೋಡಿದಾಗ ದೋಷ ನಿವಾರಣೆಯ ಪಾಲು ಅದಕ್ಕಿಂತ ಬಹಳ ಹೆಚ್ಚಿರುವುದು ಕಂಡಿತು. ಕಚೇರಿಯ ಅಂದಾಜು ಮತ್ತು ಎಣಿಕೆ ಒಂದೇ ಅಲ್ಲ ಎಂಬುದು ಇದರಿಂದ ತಿಳಿಯುತ್ತದೆ. ಆದ್ದರಿಂದಲೇ ಅರ್ಜಿದಾರರು ತಾವು ಕಂಡ ದೋಷವನ್ನು ಬಾಯಿಮಾತಿನಲ್ಲಿ ಹೇಳಿ ಹೋಗದೆ ಲಿಖಿತವಾಗಿ ದಾಖಲಿಸುವುದು ಮುಖ್ಯ. ದಾಖಲಾಗದ ದೋಷ ಎಣಿಕೆಗೆ ಬರುವುದಿಲ್ಲ. ಎಣಿಕೆಗೆ ಬಾರದ ದೋಷಕ್ಕೆ ಆದ್ಯತೆ ದೊರೆಯುವುದಿಲ್ಲ.

2. ತಂತ್ರಾಂಶ ಏಕೆ ಎಂದಿಗೂ ‘ಪೂರ್ಣ’ವಾಗುವುದಿಲ್ಲ

ಐಬಿಎಂ ಸಂಸ್ಥೆಯ ಓಎಸ್/360 ಎಂಬ ಬೃಹತ್ ತಂತ್ರಾಂಶದ ಒಂದೊಂದು ಆವೃತ್ತಿಯನ್ನೂ ಪರಿಶೀಲಿಸಿದ ಮೆಯಿರ್ ಲೆಹ್ಮನ್ ಮತ್ತು ಲಾಸ್ಲೊ ಬೆಲಾಡಿ ಅವರು 1970ರ ದಶಕದಲ್ಲಿ ತಂತ್ರಾಂಶ ವಿಕಾಸದ ನಿಯಮಗಳನ್ನು ಮುಂದಿಟ್ಟರು. 1996ರ ವೇಳೆಗೆ ಲೆಹ್ಮನ್ ಅವರ ನಿಯಮಗಳ ಸಂಖ್ಯೆ ಎಂಟಾಯಿತು. ಅವುಗಳಲ್ಲಿ ಎರಡು ಸಾರ್ವಜನಿಕರಿಗೂ ತಿಳಿದಿರಬೇಕಾದವು.

ಮೊದಲನೆಯದು, ಜನಜೀವನದೊಳಗೆ ಬೆರೆತು ಬಳಕೆಯಾಗುವ ತಂತ್ರಾಂಶ ನಿರಂತರವಾಗಿ ಬದಲಾಗಲೇಬೇಕು, ಇಲ್ಲವಾದಲ್ಲಿ ಅದರ ಉಪಯುಕ್ತತೆ ಕುಂದುತ್ತಾ ಹೋಗುತ್ತದೆ. ಎರಡನೆಯದು, ಹೀಗೆ ಬದಲಾಗುತ್ತಾ ಹೋದಂತೆ, ಅದನ್ನು ತಡೆಯಲು ಪ್ರತ್ಯೇಕ ಶ್ರಮ ವಹಿಸದ ಹೊರತು, ಅದರ ಜಟಿಲತೆ ಹೆಚ್ಚುತ್ತದೆ.

ಗಣಿತದ ಒಂದು ಲೆಕ್ಕವನ್ನು ಮಾಡುವ ತಂತ್ರಾಂಶವನ್ನು ಒಮ್ಮೆ ಸರಿಯಾಗಿ ಬರೆದರೆ ಸಾಕು. ಭೂದಾಖಲೆಯ ತಂತ್ರಾಂಶ ಹಾಗಲ್ಲ. ಅದು ಬಳಕೆಗೆ ಬಂದೊಡನೆ ಜನರ ವ್ಯವಹಾರದ ರೀತಿಯೇ ಬದಲಾಗುತ್ತದೆ, ಬದಲಾದ ರೀತಿ ತಂತ್ರಾಂಶದಿಂದ ಮತ್ತೆ ಹೊಸದನ್ನು ಕೇಳುತ್ತದೆ. ಪಹಣಿ ಸುಲಭವಾಗಿ ದೊರೆಯತೊಡಗಿದ ಮೇಲೆ ಬ್ಯಾಂಕುಗಳು ಅದನ್ನು ಹೆಚ್ಚಾಗಿ ಕೇಳತೊಡಗಿದವು. ಬ್ಯಾಂಕಿನ ಸಾಲದ ವಿವರ ಪಹಣಿಯಲ್ಲಿಯೇ ನಮೂದಾಗಬೇಕೆಂಬ ಅಗತ್ಯ ಆಗ ಉಂಟಾಯಿತು. ಅದಕ್ಕಾಗಿ ಬ್ಯಾಂಕಿನೊಂದಿಗೆ ಜೋಡಣೆ ಬೇಕಾಯಿತು.

ವಾರ್ಡ್ ಕನ್ನಿಂಗ್‌ಹ್ಯಾಮ್ ಎಂಬ ತಂತ್ರಜ್ಞರು 1992ರಲ್ಲಿ ಈ ಜಟಿಲತೆಯನ್ನು ಸಾಲಕ್ಕೆ ಹೋಲಿಸಿದರು. ಅವಸರದಲ್ಲಿ ಮಾಡಿದ ಬದಲಾವಣೆ ಪಡೆದ ಸಾಲದಂತೆ. ಬೇಗ ತೀರಿಸಿದಲ್ಲಿ ಹಾನಿಯಿಲ್ಲ. ತೀರಿಸದಿದ್ದಲ್ಲಿ, ಮುಂದಿನ ಪ್ರತಿ ಬದಲಾವಣೆಯೂ ಕಷ್ಟವಾಗುವ ಮೂಲಕ ಬಡ್ಡಿ ಬೆಳೆಯುತ್ತದೆ. ಖಾಸಗಿ ಸಂಸ್ಥೆಯಲ್ಲಾದರೆ ಆ ಬಡ್ಡಿಯನ್ನು ಸಂಸ್ಥೆ ತೆರುತ್ತದೆ. ಸಾರ್ವಜನಿಕ ಸೇವೆಯಲ್ಲಿ ಸರದಿಯಲ್ಲಿ ನಿಂತ ಅರ್ಜಿದಾರನೂ ಅದರಲ್ಲಿ ಪಾಲು ತೆರಬೇಕಾಗುತ್ತದೆ.

3. ‘ಭೂಮಿ’ ತಂತ್ರಾಂಶ ಬೆಳೆದು ಬಂದ ಬಗೆ

ರಾಜ್ಯದ ಕೈಬರಹದ ಪಹಣಿಗಳನ್ನು ಗಣಕೀಕರಿಸಲು ಕಂದಾಯ ಇಲಾಖೆಯು ರಾಷ್ಟ್ರೀಯ ಸೂಚನಾ ವಿಜ್ಞಾನ ಕೇಂದ್ರ, ಅಂದರೆ ಎನ್‌ಐಸಿ ಸಂಸ್ಥೆ ಸಿದ್ಧಪಡಿಸಿದ ‘ಭೂಮಿ’ ತಂತ್ರಾಂಶವನ್ನು ಜಾರಿಗೊಳಿಸಿತು. ಹಿರಿಯ ಅಧಿಕಾರಿ ಶ್ರೀ ರಾಜೀವ್ ಚಾವ್ಲಾ ಅವರು ಯೋಜನೆಯ ನೇತೃತ್ವ ವಹಿಸಿದ್ದರು. 2002ರ ವೇಳೆಗೆ ಆಗಿನ 177 ತಾಲ್ಲೂಕುಗಳಲ್ಲಿ ಸುಮಾರು 67 ಲಕ್ಷ ಭೂಮಾಲೀಕರಿಗೆ ಸೇರಿದ ಸುಮಾರು 2 ಕೋಟಿ ಪಹಣಿಗಳು ಗಣಕೀಕೃತಗೊಂಡವು. ಅದಕ್ಕೆ ಮುನ್ನ ಸುಮಾರು 9,000 ಗ್ರಾಮ ಲೆಕ್ಕಿಗರ ಬಳಿಯಲ್ಲಿದ್ದ ಪುಸ್ತಕಗಳೇ ಮೂಲ ದಾಖಲೆಯಾಗಿದ್ದವು. ಗಣಕೀಕರಣವಾದ ತಾಲ್ಲೂಕುಗಳಲ್ಲಿ ಕೈಬರಹದ ಪಹಣಿ ವಿತರಣೆಯನ್ನು ನಿಲ್ಲಿಸಲಾಯಿತು. ಆರಂಭದಲ್ಲಿ ಒಂದು ಪಹಣಿಗೆ 15 ರೂಪಾಯಿ ಶುಲ್ಕವಿತ್ತು.

ನಂತರದ ಮುಖ್ಯ ಹಂತಗಳು ಈ ಕೆಳಕಂಡಂತಿವೆ.

• ನೋಂದಣಿ ಮತ್ತು ಮುದ್ರಾಂಕ ಇಲಾಖೆಯ ‘ಕಾವೇರಿ’ ತಂತ್ರಾಂಶದೊಂದಿಗೆ ಜೋಡಣೆ. ಉಪ ನೋಂದಣಾಧಿಕಾರಿ ಕಚೇರಿಯಲ್ಲಿ ನೋಂದಣಿಯಾದ ಕ್ರಯದ ವಿವರ ಹಕ್ಕು ಬದಲಾವಣೆಗಾಗಿ ‘ಭೂಮಿ’ಗೆ ವಿದ್ಯುನ್ಮಾನ ರೂಪದಲ್ಲಿ ಬರುವಂತಾಯಿತು.
• 2006ರಲ್ಲಿ ಆರಂಭವಾದ ನೆಮ್ಮದಿ ಕೇಂದ್ರಗಳ ಮೂಲಕ ಹೋಬಳಿ ಮಟ್ಟದಲ್ಲಿ ಪಹಣಿ ವಿತರಣೆ. 2012ರಿಂದ ಹೋಬಳಿ ಮಟ್ಟದ ಸೇವೆಗಳು ಅಟಲ್‌ಜೀ ಜನಸ್ನೇಹಿ ಕೇಂದ್ರಗಳ ಅಡಿಯಲ್ಲಿ ಬಂದವು.
• ಭೂಮಾಪನ ಇಲಾಖೆಯ ‘ಮೋಜಿಣಿ’ ತಂತ್ರಾಂಶದೊಂದಿಗೆ ಜೋಡಣೆ. ಸರ್ವೆ ನಂಬರಿನ ಒಂದು ಭಾಗವನ್ನು ಮಾರುವ ಮುನ್ನ 11ಇ ನಕ್ಷೆ ಪಡೆಯುವ ಪದ್ಧತಿ ಇದರೊಂದಿಗೆ ಬೆಸೆದುಕೊಂಡಿತು.
• ತಾಲ್ಲೂಕುಗಳಲ್ಲಿ ಪ್ರತ್ಯೇಕವಾಗಿದ್ದ ದತ್ತಾಂಶವನ್ನು ರಾಜ್ಯ ದತ್ತಾಂಶ ಕೇಂದ್ರಕ್ಕೆ ತಂದುದು.
• ಬೆಳೆಸಾಲದ ನಮೂದಿಗಾಗಿ ಬ್ಯಾಂಕುಗಳೊಂದಿಗೆ, ರೈತರ ನೋಂದಣಿಗಾಗಿ ‘ಫ್ರೂಟ್ಸ್’ ತಂತ್ರಾಂಶದೊಂದಿಗೆ ಜೋಡಣೆ.
• 2024ರಲ್ಲಿ ಪಹಣಿಗೆ ಆಧಾರ್ ಜೋಡಣೆಯ ಅಭಿಯಾನ ಹಾಗೂ ಹಳೆಯ ಕಡತಗಳನ್ನು ಗಣಕೀಕರಿಸುವ ‘ಭೂ ಸುರಕ್ಷಾ’ ಯೋಜನೆ.

ಮೊದಲ ಹಂತದಲ್ಲಿ ಪುಸ್ತಕದಲ್ಲಿದ್ದುದನ್ನು ಗಣಕಯಂತ್ರಕ್ಕೆ ನಕಲು ಮಾಡಲಾಯಿತೇ ಹೊರತು ಪ್ರತಿಯೊಂದು ಜಮೀನನ್ನೂ ಹೊಸದಾಗಿ ಅಳೆಯಲಿಲ್ಲ ಎಂಬುದನ್ನು ಇಲ್ಲಿ ಗಮನಿಸಬೇಕು. ಪುಸ್ತಕದಲ್ಲಿ ತಪ್ಪಿದ್ದಲ್ಲಿ ಆ ತಪ್ಪು ಗಣಕೀಕೃತ ದಾಖಲೆಗೂ ಬಂದಿರುತ್ತದೆ.

ಈ ಯೋಜನೆಯನ್ನು ಕುರಿತು ಹೊರಗಿನ ಅಧ್ಯಯನಗಳೂ ನಡೆದಿವೆ. ಬೆಂಗಳೂರಿನ ಪಬ್ಲಿಕ್ ಅಫೇರ್ಸ್ ಸೆಂಟರ್ 2002ರಲ್ಲಿ ನಡೆಸಿದ ಅಧ್ಯಯನದಲ್ಲಿ, ಕೈಬರಹದ ಪದ್ಧತಿಗೆ ಹೋಲಿಸಿದರೆ ಪಹಣಿಗಾಗಿ ಶುಲ್ಕದ ಹೊರತಾಗಿ ಹಣ ತೆರಬೇಕಾಗಿ ಬಂದವರ ಪ್ರಮಾಣ ‘ಭೂಮಿ’ ಕೇಂದ್ರಗಳಲ್ಲಿ ಬಹಳ ಕಡಿಮೆ ಎಂದು ಕಂಡುಬಂದಿತು. 2007ರಲ್ಲಿ ಸೊಲೊಮನ್ ಬೆಂಜಮಿನ್ ಮತ್ತು ಸಂಗಡಿಗರು ಪ್ರಕಟಿಸಿದ ಅಧ್ಯಯನವು ಮತ್ತೊಂದು ಮುಖವನ್ನು ತೋರಿಸಿತು. ಗ್ರಾಮ ಮಟ್ಟದಲ್ಲಿದ್ದ ತೀರ್ಮಾನಗಳು ಮೇಲಿನ ಹಂತಕ್ಕೆ ಸರಿದುದರಿಂದ ಸಣ್ಣ ರೈತರಿಗೆ ತೊಂದರೆಯಾಗಿದೆ, ಬೆಂಗಳೂರಿನ ಅಂಚಿನಲ್ಲಿ ದೊಡ್ಡ ಭೂ ವ್ಯವಹಾರಸ್ಥರಿಗೆ ಅನುಕೂಲವಾಗಿದೆ ಎಂಬುದು ಅದರ ವಾದ. ತಂತ್ರಾಂಶದ ಒಂದು ಬದಲಾವಣೆ ಎಲ್ಲರಿಗೂ ಒಂದೇ ಬಗೆಯ ಫಲ ನೀಡುವುದಿಲ್ಲ ಎಂಬುದನ್ನು ಎರಡೂ ಅಧ್ಯಯನಗಳನ್ನು ಒಟ್ಟಿಗೆ ಓದಿದವರು ಅರಿಯಬಹುದು.

4. ಬದಲಾವಣೆ ಜಾರಿಗೆ ಬರುವ ಮುನ್ನ: ಪರೀಕ್ಷೆಯ ಅಗತ್ಯ

‘ಒಂದು ಸಣ್ಣ ತಪ್ಪನ್ನು ತಿದ್ದಲು ಇಷ್ಟು ದಿನ ಏಕೆ?’ ಎಂಬುದು ಸಾರ್ವಜನಿಕರ ಸಹಜ ಪ್ರಶ್ನೆ. ಓಎಸ್/360 ಯೋಜನೆಯ ಮುಖ್ಯಸ್ಥರಾಗಿದ್ದ ಫ್ರೆಡರಿಕ್ ಬ್ರೂಕ್ಸ್ ಅವರು 1975ರಲ್ಲಿ ಪ್ರಕಟಿಸಿದ ತಮ್ಮ ಪುಸ್ತಕದಲ್ಲಿ, ಒಂದು ದೋಷವನ್ನು ತಿದ್ದುವಾಗ ಮತ್ತೊಂದು ದೋಷ ಸೇರಿಕೊಳ್ಳುವ ಸಾಧ್ಯತೆ ಶೇಕಡ 20ರಿಂದ 50ರಷ್ಟು ಇರುತ್ತದೆ ಎಂದು ಅಂದಾಜಿಸಿದ್ದರು. ಆದುದರಿಂದ ತಿದ್ದಿದ ಭಾಗವನ್ನು ಮಾತ್ರವಲ್ಲದೆ, ಮೊದಲು ಸರಿಯಾಗಿ ನಡೆಯುತ್ತಿದ್ದ ಉಳಿದ ಭಾಗಗಳು ಈಗಲೂ ಹಾಗೆಯೇ ನಡೆಯುತ್ತಿವೆಯೇ ಎಂಬುದನ್ನು ಮತ್ತೆ ಪರೀಕ್ಷಿಸಬೇಕಾಗುತ್ತದೆ. ಇದನ್ನು ಮರುಪರೀಕ್ಷೆ ಎನ್ನಬಹುದು. ತಂತ್ರಾಂಶ ನಿರ್ವಹಣೆಯ ಸಂಶೋಧನೆಯಲ್ಲಿ ಇದಕ್ಕೆ ದೊಡ್ಡ ಸ್ಥಾನವಿದೆ. ಎಲ್ಲವನ್ನೂ ಪ್ರತಿ ಬಾರಿ ಪರೀಕ್ಷಿಸಲು ಕಾಲಾವಕಾಶ ಇರುವುದಿಲ್ಲವಾದ್ದರಿಂದ, ಯಾವ ಪರೀಕ್ಷೆಗಳನ್ನು ಮೊದಲು ನಡೆಸಬೇಕೆಂದು ಆರಿಸುವ ಕ್ರಮಗಳ ಬಗ್ಗೆ ಸಂಶೋಧಕರು ದಶಕಗಳಿಂದ ಕೆಲಸ ಮಾಡಿದ್ದಾರೆ.

ನಮ್ಮ ಅಳತೆಯ ಪದ್ಧತಿಯಿಂದಲೇ ಒಂದು ಉದಾಹರಣೆಯನ್ನು ನೀಡಬಹುದು. 16 ಆಣೆಗೆ ಒಂದು ಗುಂಟೆ, 40 ಗುಂಟೆಗೆ ಒಂದು ಎಕರೆ. ಪಕ್ಕಪಕ್ಕದ ಎರಡು ಹಿಡುವಳಿಗಳು ತಲಾ 1 ಎಕರೆ 25 ಗುಂಟೆ ಇದ್ದಲ್ಲಿ ಒಟ್ಟು 3 ಎಕರೆ 10 ಗುಂಟೆಯಾಗುತ್ತದೆ. ಇದನ್ನು 1.25 ಎಂದು ಬರೆದು ದಶಮಾಂಶದಂತೆ ಕೂಡಿದಲ್ಲಿ 2.50 ಬರುತ್ತದೆ. ಅದನ್ನು ಎರಡೂವರೆ ಎಕರೆ ಎಂದು ಓದಿದಲ್ಲಿ, ರೈತನಿಗೆ ಕಾಗದದ ಮೇಲೆ 30 ಗುಂಟೆ ಕಡಿಮೆಯಾಗುತ್ತದೆ. ‘ಭೂಮಿ’ಯೊಂದಿಗೆ ಬೇರೊಂದು ತಂತ್ರಾಂಶವನ್ನು ಜೋಡಿಸುವಾಗ, ಆ ತಂತ್ರಾಂಶವೂ ಗುಂಟೆಯನ್ನು ಗುಂಟೆಯಾಗಿಯೇ ಓದುತ್ತದೆಯೇ ಎಂಬುದನ್ನು ಪರೀಕ್ಷಿಸುವುದು ಅನಿವಾರ್ಯವಾಗುತ್ತದೆ. ಇಂತಹ ಲೆಕ್ಕಗಳನ್ನು ಒಮ್ಮೆ ಬರೆದಿಟ್ಟುಕೊಂಡು ಪ್ರತಿ ಬದಲಾವಣೆಯ ನಂತರವೂ ನಡೆಸಿ ನೋಡುವುದೇ ಮರುಪರೀಕ್ಷೆಯ ತಿರುಳು.

ಹೆಸರುಗಳ ವಿಷಯವೂ ಹೀಗೆಯೇ. ಪೆರೇಸಂದ್ರ, ಪೇರೇಸಂದ್ರ, ಪೆರೆಸಂದ್ರ ಎಂದು ಮೂರು ಬಗೆಯಾಗಿ ಬರೆದರೂ ಊರಿನವರಿಗೆ ಅದು ಒಂದೇ ಊರು. ಅಕ್ಷರಗಳನ್ನು ಮಾತ್ರ ಹೋಲಿಸುವ ಗಣಕಯಂತ್ರಕ್ಕೆ ಅವು ಮೂರು ಬೇರೆ ಪದಗಳು. ಗ್ರಾಮಗಳಿಗೆ ಸಂಕೇತ ಸಂಖ್ಯೆಯನ್ನು ನೀಡುವ ಮೂಲಕ ಈ ತೊಂದರೆಯನ್ನು ನಿವಾರಿಸಬಹುದು. ಆದರೆ ವ್ಯಕ್ತಿಗಳ ಹೆಸರುಗಳಿಗೆ ಹಳೆಯ ಪಹಣಿಯಲ್ಲಿ ಅಂತಹ ಸಂಖ್ಯೆ ಇರಲಿಲ್ಲ. ಕನ್ನಡ ಮತ್ತು ತೆಲುಗು ಎರಡೂ ಬಳಕೆಯಲ್ಲಿರುವ ಈ ಭಾಗದಲ್ಲಿ ಒಂದೇ ಹೆಸರು ಪಹಣಿಯಲ್ಲಿ ಒಂದು ರೀತಿ, ಆಧಾರ್‌ನಲ್ಲಿ ಮತ್ತೊಂದು ರೀತಿ, ಬ್ಯಾಂಕ್ ಪುಸ್ತಕದಲ್ಲಿ ಮಗದೊಂದು ರೀತಿ ಇರುವುದು ಸಾಮಾನ್ಯ. ಒಂದೊಂದು ಕಚೇರಿಯಲ್ಲಿ ಪ್ರತ್ಯೇಕವಾಗಿದ್ದಾಗ ಈ ವ್ಯತ್ಯಾಸ ಯಾರಿಗೂ ಅಡ್ಡಿಯಾಗಿರಲಿಲ್ಲ. ತಂತ್ರಾಂಶಗಳು ಜೋಡಣೆಯಾದ ದಿನದಿಂದ ಅದು ಅಡ್ಡಿಯಾಗುತ್ತದೆ.

5. ದತ್ತಾಂಶದ ವರ್ಗಾವಣೆ: ಶಿಲ್ಕು ತಾಳೆಯಾಗಬೇಕು

ಹಳೆಯ ತಂತ್ರಾಂಶದಿಂದ ಹೊಸದಕ್ಕೆ ದಾಖಲೆಗಳನ್ನು ಸಾಗಿಸುವುದನ್ನು ದತ್ತಾಂಶ ವರ್ಗಾವಣೆ ಎನ್ನುತ್ತಾರೆ. ಲೆಕ್ಕಪತ್ರದ ಪರಿಚಯವುಳ್ಳವರಿಗೆ ಇದನ್ನು ಸುಲಭವಾಗಿ ತಿಳಿಸಬಹುದು. ಹಳೆಯ ಖಾತೆ ಪುಸ್ತಕದ ಅಂತಿಮ ಶಿಲ್ಕು ಹೊಸ ಪುಸ್ತಕದ ಆರಂಭಿಕ ಶಿಲ್ಕಿಗೆ ಸಮನಾಗಿರತಕ್ಕದ್ದು. ಒಂದು ರೂಪಾಯಿ ವ್ಯತ್ಯಾಸವಿದ್ದರೂ ಹೊಸ ಪುಸ್ತಕವನ್ನು ತೆರೆಯುವಂತಿಲ್ಲ. ಭೂದಾಖಲೆಯಲ್ಲಿಯೂ ಇದೇ ನಿಯಮ. ಗ್ರಾಮವಾರು ಸರ್ವೆ ನಂಬರುಗಳ ಸಂಖ್ಯೆ, ಹಿಸ್ಸಾಗಳ ಸಂಖ್ಯೆ, ಒಟ್ಟು ವಿಸ್ತೀರ್ಣ, ಖರಾಬು, ಖಾತೆದಾರರ ಸಂಖ್ಯೆ, ಇವುಗಳನ್ನು ವರ್ಗಾವಣೆಯ ಮೊದಲು ಮತ್ತು ನಂತರ ತಾಳೆ ನೋಡಬೇಕು.

ಒಟ್ಟು ಮೊತ್ತ ತಾಳೆಯಾದ ಮಾತ್ರಕ್ಕೆ ಎಲ್ಲವೂ ಸರಿ ಎಂದಲ್ಲ. ತಾಳೆ ಪಟ್ಟಿ ಸರಿಹೊಂದಿದರೂ ಒಬ್ಬನ ಖಾತೆಯ ಮೊತ್ತ ಮತ್ತೊಬ್ಬನ ಖಾತೆಗೆ ಬಿದ್ದಿರಬಹುದು ಎಂಬುದು ಲೆಕ್ಕಿಗರಿಗೆಲ್ಲ ತಿಳಿದ ಸಂಗತಿ. ಆದ್ದರಿಂದ ಕೊನೆಯ ಪರಿಶೀಲನೆಯನ್ನು ಆಯಾ ಖಾತೆದಾರರಷ್ಟೇ ಖಚಿತವಾಗಿ ಮಾಡಬಲ್ಲರು.

ಕನ್ನಡ ಅಕ್ಷರಗಳಿಗೂ ಇದು ಅನ್ವಯಿಸುತ್ತದೆ. ಯೂನಿಕೋಡ್ ವ್ಯಾಪಕವಾಗಿ ಬಳಕೆಗೆ ಬರುವ ಮುನ್ನ ಕನ್ನಡದ ಒಂದೊಂದು ತಂತ್ರಾಂಶವೂ ಅಕ್ಷರಗಳನ್ನು ತನ್ನದೇ ಸಂಕೇತದಲ್ಲಿ ಇಡುತ್ತಿತ್ತು. ಅಂತಹ ಬರಹವನ್ನು ಯೂನಿಕೋಡಿಗೆ ಪರಿವರ್ತಿಸುವಾಗ ಒತ್ತಕ್ಷರ, ದೀರ್ಘ ಮತ್ತು ಅರ್ಕಾವತ್ತುಗಳು ಸ್ಥಾನ ತಪ್ಪುವ ಸಂಭವವಿರುತ್ತದೆ. ಹೆಸರಿನಲ್ಲಿ ಒಂದು ಒತ್ತಕ್ಷರ ತಪ್ಪಿದರೂ ಮುಂದೆ ಬೇರೆ ದಾಖಲೆಯೊಂದಿಗೆ ಹೋಲಿಸುವಾಗ ಅದು ಬೇರೆ ವ್ಯಕ್ತಿಯ ಹೆಸರಾಗಿ ಕಾಣುತ್ತದೆ.

6. ತಂತ್ರಾಂಶವೇ ತಡೆ ಹಾಕಿದಾಗ: ಕಾಲಂ 3 ಮತ್ತು ಕಾಲಂ 9

ಪಹಣಿಯ ಕಾಲಂ 3ರಲ್ಲಿ ಜಮೀನಿನ ವಿಸ್ತೀರ್ಣವೂ, ಕಾಲಂ 9ರಲ್ಲಿ ಸ್ವಾಧೀನದಾರರ ಹೆಸರು ಮತ್ತು ಅವರವರ ವಿಸ್ತೀರ್ಣವೂ ಇರುತ್ತವೆ. ಕಾಲಂ 9ರ ಎಲ್ಲರ ವಿಸ್ತೀರ್ಣವನ್ನು ಕೂಡಿದಾಗ ಕಾಲಂ 3ರಲ್ಲಿ ಖರಾಬು ಕಳೆದು ಉಳಿದ ವಿಸ್ತೀರ್ಣಕ್ಕೆ ಸಮನಾಗಬೇಕು.

ಉದಾಹರಣೆಗೆ, ಒಂದು ಸರ್ವೆ ನಂಬರಿನ ಒಟ್ಟು ವಿಸ್ತೀರ್ಣ 2 ಎಕರೆ 25 ಗುಂಟೆ, ಅದರಲ್ಲಿ ಖರಾಬು 5 ಗುಂಟೆ, ಉಳಿದುದು 2 ಎಕರೆ 20 ಗುಂಟೆ ಎಂದಿಟ್ಟುಕೊಳ್ಳೋಣ. ಕೈಬರಹದ ಕಾಲದಲ್ಲಿ ಮೂವರು ಸಹೋದರರು ಖರಾಬನ್ನು ಕಳೆಯದೆ ತಲಾ 35 ಗುಂಟೆಯಂತೆ ವಿಭಾಗ ಮಾಡಿಕೊಂಡಿದ್ದಾರೆ. ಮೂವರದೂ ಸೇರಿ 105 ಗುಂಟೆ, ಅಂದರೆ 2 ಎಕರೆ 25 ಗುಂಟೆ. ಇರುವುದು 100 ಗುಂಟೆ. ಪುಸ್ತಕ ಈ ವ್ಯತ್ಯಾಸವನ್ನು ಪ್ರಶ್ನಿಸಲಿಲ್ಲ. ಎರಡು ಕಾಲಂಗಳನ್ನು ತಾಳೆ ನೋಡುವ ವ್ಯವಸ್ಥೆ ಬಂದ ನಂತರ, ಸಹೋದರರಲ್ಲೊಬ್ಬರು ತಮ್ಮ ಪಾಲನ್ನು ಮಕ್ಕಳ ಹೆಸರಿಗೆ ಮಾಡಿಸಲು ಬಂದಾಗ ಅಡ್ಡಿ ಎದುರಾಗುತ್ತದೆ.

ಅರ್ಜಿದಾರರ ದೃಷ್ಟಿಯಲ್ಲಿ ಇದು ‘ತಂತ್ರಾಂಶದ ತೊಂದರೆ’. ವಾಸ್ತವದಲ್ಲಿ ತಂತ್ರಾಂಶ ತನ್ನ ಕೆಲಸವನ್ನು ಸರಿಯಾಗಿಯೇ ಮಾಡಿದೆ. ದಶಕಗಳಿಂದ ಮುಚ್ಚಿಕೊಂಡಿದ್ದ ವ್ಯತ್ಯಾಸ ಈಗ ಹೊರಗೆ ಬಂದಿದೆ. ತಂತ್ರಾಂಶವನ್ನು ಬದಲಿಸಿ ಎಂದು ಕೇಳುವುದರಿಂದ ಇಂತಹ ಪ್ರಕರಣ ಇತ್ಯರ್ಥವಾಗುವುದಿಲ್ಲ. ಆಕಾರಬಂದ್, ಟಿಪ್ಪಣಿ, ಹಳೆಯ ಕೈಬರಹದ ಪಹಣಿ ಹಾಗೂ ಹಕ್ಕು ಬದಲಾವಣೆ ವಹಿಯೊಂದಿಗೆ ಹೋಲಿಸಿ, ಸಂಬಂಧಪಟ್ಟ ಎಲ್ಲ ಖಾತೆದಾರರಿಗೂ ತಿಳುವಳಿಕೆ ನೀಡಿ, ಸಕ್ಷಮ ಅಧಿಕಾರಿ ತಿದ್ದುಪಡಿ ಆದೇಶ ಹೊರಡಿಸಬೇಕಾಗುತ್ತದೆ. ಮೂವರಲ್ಲಿ ಯಾರ ಪಾಲಿನಲ್ಲಿ ಎಷ್ಟು ಕಡಿಮೆಯಾಗಬೇಕು ಎಂಬುದನ್ನು ಯಾವ ತಂತ್ರಾಂಶವೂ ತೀರ್ಮಾನಿಸುವಂತಿಲ್ಲ, ತೀರ್ಮಾನಿಸಲೂಬಾರದು.

7. ಕಾರ್ಯವಿಧಾನ ಸುಧಾರಣೆ

ತಂತ್ರಾಂಶದ ಗುಣಮಟ್ಟ ಅದನ್ನು ಸಿದ್ಧಪಡಿಸುವ ಕಾರ್ಯವಿಧಾನದ ಗುಣಮಟ್ಟವನ್ನು ಅವಲಂಬಿಸಿರುತ್ತದೆ ಎಂಬ ತತ್ವದ ಮೇಲೆ ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಸಾಫ್ಟ್‌ವೇರ್ ಎಂಜಿನಿಯರಿಂಗ್ ಇನ್‌ಸ್ಟಿಟ್ಯೂಟ್, ವಾಟ್ಸ್ ಹಂಫ್ರಿ ಅವರ ಚಿಂತನೆಯನ್ನು ಆಧರಿಸಿ, 1991ರಲ್ಲಿ ಐದು ಹಂತಗಳ ಸಾಮರ್ಥ್ಯ ಪ್ರೌಢಿಮೆ ಮಾದರಿಯನ್ನು ಪ್ರಕಟಿಸಿತು. ಮೊದಲ ಹಂತದಲ್ಲಿ ಕೆಲಸವು ವ್ಯಕ್ತಿಗಳ ಜಾಣ್ಮೆಯನ್ನು ಮಾತ್ರ ಅವಲಂಬಿಸಿರುತ್ತದೆ. ಮೇಲಿನ ಹಂತಗಳಲ್ಲಿ ಕ್ರಮವನ್ನು ಬರೆದಿಟ್ಟು, ಅಳೆದು, ಅಳತೆಯ ಆಧಾರದ ಮೇಲೆ ಸುಧಾರಿಸಲಾಗುತ್ತದೆ. ಬೆಂಗಳೂರಿನಲ್ಲಿದ್ದ ಮೊಟೊರೊಲಾ ಸಂಸ್ಥೆಯ ತಂತ್ರಾಂಶ ಘಟಕವು 1990ರ ದಶಕದ ಪೂರ್ವಾರ್ಧದಲ್ಲಿಯೇ ಐದನೆಯ ಹಂತಕ್ಕೇರಿ ಜಗತ್ತಿನ ಗಮನ ಸೆಳೆಯಿತು.

ಸರ್ಕಾರಿ ಸೇವೆಯಲ್ಲಿ ತಂತ್ರಾಂಶದ ಜೊತೆಗೆ ಕಚೇರಿಯ ಕಾರ್ಯವಿಧಾನವೂ ಸುಧಾರಿಸಬೇಕು. ‘ಭೂಮಿ’ಯಲ್ಲಿ ಹಕ್ಕು ಬದಲಾವಣೆಯ ಅರ್ಜಿಗಳನ್ನು ಮೊದಲು ಬಂದುದಕ್ಕೆ ಮೊದಲು ಎಂಬ ಸರದಿಯಲ್ಲಿಯೇ ತೆಗೆದುಕೊಳ್ಳುವ ವ್ಯವಸ್ಥೆ ಹಾಗೂ ನಮೂದು ಮಾಡುವ ಸಿಬ್ಬಂದಿಯ ಬೆರಳಚ್ಚು ಗುರುತಿನ ವ್ಯವಸ್ಥೆ ಈ ದೃಷ್ಟಿಯಿಂದ ಬಂದವು. ನಮೂದನ್ನು ಯಾರು, ಯಾವಾಗ ಮಾಡಿದರು ಎಂಬುದು ಇದರಿಂದ ದಾಖಲಾಗುತ್ತದೆ. 2012ರ ಏಪ್ರಿಲ್‌ನಲ್ಲಿ ಜಾರಿಗೆ ಬಂದ ಸಕಾಲ ವ್ಯವಸ್ಥೆಯು ಪ್ರತಿ ಅರ್ಜಿಗೂ 15 ಅಂಕಿಗಳ ಸಂಖ್ಯೆಯನ್ನು, ಪ್ರತಿ ಸೇವೆಗೂ ನಿಗದಿತ ಅವಧಿಯನ್ನು ನೀಡಿತು. ವಿಳಂಬಕ್ಕೆ ದಿನಕ್ಕೆ 20 ರೂಪಾಯಿಯಂತೆ, ಗರಿಷ್ಠ 500 ರೂಪಾಯಿಯವರೆಗೆ ಪರಿಹಾರ ಕೋರಲು ಅಧಿನಿಯಮದಲ್ಲಿ ಅವಕಾಶವಿದೆ. ಮೊತ್ತ ಚಿಕ್ಕದಾದರೂ, ಯಾವ ಮೇಜಿನ ಮೇಲೆ ಅರ್ಜಿ ಎಷ್ಟು ದಿನ ನಿಂತಿತು ಎಂಬುದು ಅಳತೆಗೆ ಸಿಕ್ಕಿದುದು ಮುಖ್ಯ.

8. ದೋಷದ ಬಗೆ ಮತ್ತು ಅರ್ಜಿ ಸಲ್ಲಿಸಬೇಕಾದ ಕ್ರಮ

(1) ನಮೂದಿನ ದೋಷ: ಮೂಲ ದಾಖಲೆಯಲ್ಲಿ ಒಂದಿದ್ದು ಗಣಕೀಕೃತ ಪಹಣಿಯಲ್ಲಿ ಮತ್ತೊಂದಿದ್ದಲ್ಲಿ ಅದು ನಮೂದಿನ ದೋಷ. ಹಳೆಯ ಕೈಬರಹದ ಪಹಣಿ, ಹಕ್ಕು ಬದಲಾವಣೆ ವಹಿಯ ದೃಢೀಕೃತ ನಕಲು ಹಾಗೂ ಪ್ರಸ್ತುತ ಪಹಣಿಯೊಂದಿಗೆ ತಹಶೀಲ್ದಾರರಿಗೆ ತಿದ್ದುಪಡಿ ಅರ್ಜಿ ಸಲ್ಲಿಸಬೇಕು.

(2) ತಂತ್ರಾಂಶದ ದೋಷ: ನಮೂದು ಸರಿಯಿದ್ದು, ಮುದ್ರಿತ ಪ್ರತಿಯಲ್ಲಿ ಮಾತ್ರ ತಪ್ಪು ಬರುವುದು, ಶುಲ್ಕ ಪಾವತಿಯಾಗಿಯೂ ಅರ್ಜಿ ಮುಂದಕ್ಕೆ ಸಾಗದಿರುವುದು, ಒಂದೇ ದಾಖಲೆ ಎರಡು ಕಡೆ ಎರಡು ರೀತಿ ಕಾಣುವುದು ಈ ಬಗೆಯವು. ಅರ್ಜಿ ಸಂಖ್ಯೆ, ದಿನಾಂಕ, ವೇಳೆ ಹಾಗೂ ಪರದೆಯ ಮೇಲೆ ಕಂಡ ಸಂದೇಶವನ್ನು ಯಥಾವತ್ತಾಗಿ ಬರೆದು ತಾಲ್ಲೂಕು ಭೂಮಿ ಕೇಂದ್ರಕ್ಕೆ ನೀಡಿ ಸ್ವೀಕೃತಿ ಪಡೆಯಬೇಕು. ತಾಲ್ಲೂಕು ಮಟ್ಟದಲ್ಲಿ ಸರಿಯಾಗದ ದೋಷಗಳನ್ನು ಬೆಂಗಳೂರಿನ ಭೂಮಿ ಉಸ್ತುವಾರಿ ಕೋಶದ ಗಮನಕ್ಕೆ ತರಬೇಕಾಗುತ್ತದೆ.

(3) ಹಕ್ಕಿನ ವಿವಾದ: ನಮೂದು ಮೂಲದಂತೆಯೇ ಇದ್ದು, ಅದು ನ್ಯಾಯವಲ್ಲ ಎಂಬುದು ಅರ್ಜಿದಾರರ ವಾದವಾಗಿದ್ದಲ್ಲಿ ಅದು ವಿವಾದ. ಹಕ್ಕು ಬದಲಾವಣೆಯ ಆದೇಶದ ವಿರುದ್ಧ ಅಧಿನಿಯಮದ ಕಲಂ 136ರ ಅಡಿಯಲ್ಲಿ ಉಪವಿಭಾಗಾಧಿಕಾರಿಗಳಿಗೆ ಮೇಲ್ಮನವಿ ಸಲ್ಲಿಸಬಹುದು. ಒಡೆತನದ ಪ್ರಶ್ನೆಯನ್ನು ಸಿವಿಲ್ ನ್ಯಾಯಾಲಯ ತೀರ್ಮಾನಿಸುತ್ತದೆ.

9. ಅರ್ಜಿದಾರರು ಗಮನಿಸಬೇಕಾದ ಅಂಶಗಳು

• ತಂತ್ರಾಂಶದ ಹೊಸ ಆವೃತ್ತಿ ಜಾರಿಯಾದ ನಂತರ ಅಥವಾ ಜಿಲ್ಲೆ, ತಾಲ್ಲೂಕುಗಳ ಪುನರ್ರಚನೆಯ ನಂತರ ಪಹಣಿಯ ಒಂದು ಪ್ರತಿಯನ್ನು ಪಡೆದು ಹಳೆಯ ಪ್ರತಿಯೊಂದಿಗೆ ಹೋಲಿಸಿ ನೋಡುವುದು.
• ಹೋಲಿಸುವಾಗ ಸರ್ವೆ ಮತ್ತು ಹಿಸ್ಸಾ ನಂಬರ್, ವಿಸ್ತೀರ್ಣ, ಖರಾಬು, ಕಾಲಂ 9ರಲ್ಲಿನ ಹೆಸರು ಹಾಗೂ ‘ಬಿನ್’, ‘ಕೋಂ’ ಪದಗಳ ಮುಂದಿನ ಹೆಸರು, ಕಾಲಂ 11ರಲ್ಲಿನ ಸಾಲ ಮತ್ತು ಇತರ ಹಕ್ಕುಗಳು, ಕಾಲಂ 12ರಲ್ಲಿನ ಬೆಳೆ, ಇವುಗಳನ್ನು ಒಂದೊಂದಾಗಿ ಪರಿಶೀಲಿಸುವುದು.
• ತೀರಿಸಿದ ಸಾಲ ಕಾಲಂ 11ರಲ್ಲಿ ಉಳಿದಿದ್ದಲ್ಲಿ ಬ್ಯಾಂಕಿನಿಂದ ಋಣಮುಕ್ತ ಪತ್ರ ಪಡೆದು ನಮೂದನ್ನು ತೆಗೆಸುವುದು.
• ಹಳೆಯ ಕೈಬರಹದ ಪಹಣಿ, ವಿಭಾಗ ಪತ್ರ, ಕ್ರಯಪತ್ರಗಳನ್ನು ‘ಈಗ ಎಲ್ಲವೂ ಕಂಪ್ಯೂಟರಿನಲ್ಲಿದೆ’ ಎಂದು ಕಳೆದುಕೊಳ್ಳದಿರುವುದು. ವ್ಯತ್ಯಾಸ ಕಂಡಾಗ ಅವೇ ಆಧಾರ.
• ಸಾಲ, ಕ್ರಯ ಅಥವಾ ಪರಿಹಾರದ ಅಗತ್ಯ ಬೀಳುವವರೆಗೆ ಕಾಯದೆ ಮೊದಲೇ ದಾಖಲೆಯನ್ನು ಪರಿಶೀಲಿಸುವುದು. ಬೆಂಗಳೂರು–ಹೈದರಾಬಾದ್ ರಾಷ್ಟ್ರೀಯ ಹೆದ್ದಾರಿಯ ಬದಿಯ ಪೆರೇಸಂದ್ರದಂತಹ ಗ್ರಾಮಗಳಲ್ಲಿ ಒಂದು ಗುಂಟೆಯ ವ್ಯತ್ಯಾಸವೂ ದೊಡ್ಡ ಮೊತ್ತದ ವಿಷಯವಾಗುತ್ತದೆ.

10. ಸಾಮಾನ್ಯವಾಗಿ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ತಂತ್ರಾಂಶ ಬದಲಾದಾಗ ನನ್ನ ಹಕ್ಕು ಬದಲಾಗುತ್ತದೆಯೇ?
ಉತ್ತರ: ಇಲ್ಲ. ಹಕ್ಕು ಬದಲಾಗುವುದು ಕ್ರಯ, ದಾನ, ವಿಭಾಗ, ವಾರಸು, ಆದೇಶ ಮುಂತಾದ ಕಾನೂನುಬದ್ಧ ಕಾರಣಗಳಿಂದ ಮಾತ್ರ. ತಂತ್ರಾಂಶದ ಬದಲಾವಣೆಯ ನಂತರ ಯಾವುದೇ ಹಕ್ಕು ಬದಲಾವಣೆ ಆದೇಶವಿಲ್ಲದೆ ನಮೂದು ವ್ಯತ್ಯಾಸವಾಗಿದ್ದಲ್ಲಿ ಅದು ದೋಷ. ಕೂಡಲೇ ಲಿಖಿತವಾಗಿ ತಿಳಿಸುವುದು.

ಪ್ರಶ್ನೆ: ಕಚೇರಿಯ ಸಿಬ್ಬಂದಿ ಸ್ವತಃ ಪಹಣಿಯನ್ನು ತಿದ್ದಿಕೊಡಬಹುದಲ್ಲವೇ?
ಉತ್ತರ: ಸಾಧ್ಯವಿಲ್ಲ. ಆದೇಶವಿಲ್ಲದೆ ನಮೂದನ್ನು ತಿದ್ದಲು ಅವಕಾಶವಿದ್ದಲ್ಲಿ, ಇಂದು ತಮಗೆ ಅನುಕೂಲವಾಗುವಂತೆ ತಿದ್ದಿದ ದಾಖಲೆಯನ್ನು ನಾಳೆ ಮತ್ತೊಬ್ಬರಿಗೆ ಅನುಕೂಲವಾಗುವಂತೆ ತಿದ್ದಬಹುದು.

ಪ್ರಶ್ನೆ: ಅಂತರಜಾಲದಲ್ಲಿ ನೋಡಿದ ಪಹಣಿ ಮತ್ತು ಕೇಂದ್ರದಲ್ಲಿ ಪಡೆದ ಪಹಣಿ ಬೇರೆಯಾಗಿದ್ದರೆ?
ಉತ್ತರ: ಎರಡರ ಪ್ರತಿಯನ್ನೂ ದಿನಾಂಕ, ವೇಳೆಯೊಂದಿಗೆ ಲಗತ್ತಿಸಿ ತಂತ್ರಾಂಶದ ದೋಷವೆಂದು ದೂರು ನೀಡುವುದು.

ಪ್ರಶ್ನೆ: ಮೃತರ ಹೆಸರಿನಲ್ಲಿಯೇ ಪಹಣಿ ಮುಂದುವರಿದಿದೆ. ಇದು ತಂತ್ರಾಂಶದ ದೋಷವೇ?
ಉತ್ತರ: ಅಲ್ಲ. ವಾರಸುದಾರರು ಪೌತಿ ಖಾತೆಗೆ ಅರ್ಜಿ ಸಲ್ಲಿಸಬೇಕು. ಮರಣ ಪ್ರಮಾಣ ಪತ್ರ ಹಾಗೂ ವಂಶವೃಕ್ಷದೊಂದಿಗೆ ನಾಡಕಚೇರಿಯನ್ನು ಸಂಪರ್ಕಿಸುವುದು.

ತಂತ್ರಾಂಶದ ಬದಲಾವಣೆ ನಿಲ್ಲುವಂತಹುದಲ್ಲ. ಪ್ರತಿ ಬದಲಾವಣೆಯ ನಂತರವೂ ದಾಖಲೆ ಮೊದಲಿನಂತೆಯೇ ಇರುವಂತೆ ನೋಡಿಕೊಳ್ಳುವುದು ಇಲಾಖೆಯ ಹೊಣೆ. ಹಾಗಿದೆಯೇ ಎಂದು ನೋಡಿ, ಇಲ್ಲವಾದಲ್ಲಿ ಲಿಖಿತವಾಗಿ ತಿಳಿಸುವುದು ಖಾತೆದಾರರ ಹಕ್ಕು. ಸಾರ್ವಜನಿಕರು ಈ ಮಾಹಿತಿಯ ಪ್ರಯೋಜನ ಪಡೆದುಕೊಳ್ಳಲು ಕೋರಲಾಗಿದೆ.